ಅಳುತ್ತಲೇ ಸಂತೋಷಿಸುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಯ್ಲಿಗೆ ಬಂದ ನೆಲ್ಲು ಮಳೆಗೆ ಮಲಗಿಬಿಟ್ಟಿತು. ಎಕರೆಗೆ ಹಾಕಿದ ದುಡ್ಡೂ ಬರಲಿಲ್ಲ. ಭಾನುವಾರ ಸಭೆಯಲ್ಲಿ “ಯಾವಾಗಲೂ ಸಂತೋಷಿಸಿರಿ” ಅಂತ ವಾಕ್ಯ ಹೇಳ್ತಾರೆ. ಅಲ್ಲಿ ನಗುಮುಖ ಇಟ್ಟುಕೊಂಡು ಕೂರುತ್ತೇನೆ, ಮನೆಗೆ ಬಂದು ಒಲೆ ಮುಂದೆ ಅಳುತ್ತೇನೆ. ನನ್ನ ವಿಶ್ವಾಸವೇ ಸುಳ್ಳಾ? ಪ್ರಾರ್ಥನೆಗೆ ಕೂತರೆ ಮಾತೂ ಹೊರಡಲ್ಲ.
– ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಸುಳ್ಳಲ್ಲ, ತಾಯಿ. ನಿಮಗೆ ಹೇಳಿದ ಆ ವಾಕ್ಯ ಬೈಬಲಿನಲ್ಲಿ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದ 4ನೇ ವಚನ. ಯೇಸುವಿನ ಅಪೊಸ್ತಲ ಪೌಲ ಅದನ್ನು ಬರೆದದ್ದು ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ. ಪೂರ್ತಿ ಪತ್ರ ಓದಿದರೆ ನಾಲ್ಕೇ ಅಧ್ಯಾಯ, ಅರ್ಧ ಗಂಟೆಯೂ ಬೇಡ. 2:27ರಲ್ಲಿ ಜೊತೆಗಾರ ಎಪಫ್ರೊದೀತ ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ. 3:18ರಲ್ಲಿ ಅಳುತ್ತಲೇ ಬರೆಯುತ್ತಿದ್ದೇನೆ ಎನ್ನುತ್ತಾನೆ. ಅಂದರೆ ಸಂತೋಷಿಸಿರಿ ಎಂದ ಕೈಯೇ ಅದೇ ಕಾಗದದಲ್ಲಿ ಕಣ್ಣೊರೆಸಿಕೊಂಡಿದೆ. ಆತ ಕೇಳಿದ್ದು ನಗುಮುಖವನ್ನಲ್ಲ.

ನಿಮ್ಮ ಹೊಲದ ಸ್ಥಿತಿಗೆ ಇನ್ನೂ ಹತ್ತಿರದವನು ಹಳೆಯ ಒಡಂಬಡಿಕೆಯ ಪ್ರವಾದಿ ಹಬಕ್ಕೂಕ. ಪುಸ್ತಕ ಮೂರೇ ಅಧ್ಯಾಯ. 3:17ರಲ್ಲಿ ಆರು ನಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಕಾಳಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆಮೇಲೆ 18ರಲ್ಲಿ, ಆದರೂ ಕರ್ತನಲ್ಲಿ ಉಲ್ಲಾಸಪಡುವೆ ಎನ್ನುತ್ತಾನೆ. ಸಭೆಗಳಲ್ಲಿ ಈ ಎರಡು ವಚನ ಹಾಡಾಗಿಯೂ ಕೇಳಿಬರುತ್ತವೆ. ಆದರೆ ಅದೇ ಹಬಕ್ಕೂಕ ಮೊದಲ ಅಧ್ಯಾಯದಲ್ಲಿ ಬಾಯಿ ತೆರೆಯುವುದೇ ದೂರಿನಿಂದ: ನಾನು ಕೂಗುತ್ತಲೇ ಇದ್ದೇನೆ, ನೀನು ಕೇಳುತ್ತಿಲ್ಲ, ಎಷ್ಟು ದಿನ ಹೀಗೆ? ದೂರು ಮೊದಲು, ಉಲ್ಲಾಸ ಕೊನೆಗೆ. ಮಧ್ಯದ ದಾರಿ ಬಿಟ್ಟು ಕೊನೆಗೆ ಹಾರಲು ಹೋದವರಿಗೇ ನಿಮ್ಮಂತೆ ಎರಡು ಮುಖ ಆಗುವುದು.

ಮಾತು ಹೊರಡದಿದ್ದರೆ 13ನೇ ಕೀರ್ತನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಆರೇ ವಚನ. 1 ಮತ್ತು 2ರಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ, 3 ಮತ್ತು 4ರಲ್ಲಿ ಬೇಡಿಕೆ, 5ರಲ್ಲಿ ಭರವಸೆ, 6ರಲ್ಲಿ ಹಾಡು. ಹತ್ತು ನಿಮಿಷ ಸಾಕು. ಒಬ್ಬರೇ ಇರುವ ಹೊತ್ತಿನಲ್ಲಿ ಅದನ್ನು ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ‘ಎಷ್ಟರವರೆಗೆ’ ನಾಲ್ಕನ್ನು ಹೇಳಿ. ಸುಮ್ಮನೆ “ಕಷ್ಟ ಕರ್ತನೇ” ಅನ್ನಬೇಡಿ. ಎಷ್ಟು ಎಕರೆ, ಎಷ್ಟು ಚೀಲ, ಯಾರ ಬಾಕಿ, ಯಾವ ತಾರೀಖಿನ ಕಂತು, ಎಲ್ಲ ಹೆಸರಿಟ್ಟು ಹೇಳಿ. ಹೆಸರಿಡದ ನೋವು ಪ್ರಾರ್ಥನೆಯಲ್ಲಿ ಕರಗುವುದಿಲ್ಲ, ಗಂಟಲಲ್ಲೇ ನಿಲ್ಲುತ್ತದೆ. ಬೇಡಿಕೆ ಒಂದೇ ಇರಲಿ, ಇವತ್ತಿನದು. ನಂತರ ದೇವರು ಹಿಂದೆ ನಡೆಸಿದ ಒಂದು ಸಂಗತಿಯನ್ನು ನೆನೆಸಿ ಹೇಳಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಮೊದಲ ದಿನವೇ 6ನೇ ವಚನದ ಹಾಡು ಬರಬೇಕೆಂದು ಕಾಯುತ್ತಾರೆ. ಬರದಿದ್ದರೆ ಪ್ರಾರ್ಥನೆಯನ್ನೇ ಬಿಡುತ್ತಾರೆ. ಎರಡು ವಾರ 2ನೇ ವಚನದಲ್ಲೇ ನಿಂತರೂ ಸರಿ. 88ನೇ ಕೀರ್ತನೆ ಕತ್ತಲೆ ಎಂಬ ಮಾತಿಗೇ ಮುಗಿಯುತ್ತದೆ, ಅದೂ ಬೈಬಲಿನಲ್ಲೇ ಇದೆ. ಭಾಷೆಯ ಸಂಕೋಚವೂ ಬೇಡ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ದುಡಿದದ್ದು ಈ ಸೀಮೆಯ ಜನ ತಮ್ಮ ಮಾತಿನಲ್ಲೇ ದೇವರನ್ನು ಕೇಳಲಿ ಎಂದು. ಗ್ರಂಥದ ಕನ್ನಡ ಬಾರದಿದ್ದರೆ “ಯಪ್ಪಾ, ನೋಡು ನನ್ ಕಡಿ” ಅಂದರೂ ಅದು ಪೂರ್ಣ ಪ್ರಾರ್ಥನೆ.

ಇನ್ನೊಂದು ಮಾತು, ಇದೂ ಭಕ್ತಿಯ ಭಾಗವೇ: ಬೆಳೆ ವಿಮೆ ಕಟ್ಟಿದ್ದರೆ, ಮಳೆಯಿಂದ ಹೀಗೆ ಹಾನಿಯಾದಾಗ 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಅತ್ತು ಮುಗಿಸಿ ಆಮೇಲೆ ನೋಡೋಣ ಎಂದರೆ ಅವಧಿ ದಾಟಿಹೋಗುತ್ತದೆ.

ಪ್ರಶ್ನೆ: ದಿನಾ ರಾತ್ರಿ ಐದು ಉಪಕಾರ ಬರೆಯಿರಿ, ಮನಸ್ಸು ತುಂಬುತ್ತದೆ ಎಂದರು. ಈಗ “ಆರೋಗ್ಯ, ಮನೆ, ಮಕ್ಕಳು” ಎಂದು ಅದನ್ನೇ ಬರೆಯುತ್ತಿದ್ದೇನೆ. ಏನೂ ತುಂಬುತ್ತಿಲ್ಲ.
– ಕೊಪ್ಪಳದಿಂದ

ಉತ್ತರ: ಐದು ಬಿಡಿ, ಒಂದು ಬರೆಯಿರಿ. “ಮಕ್ಕಳು” ಎಂಬುದು ಉಪಕಾರವಲ್ಲ, ತಲೆಬರಹ. “ನಾಲ್ಕು ಗಂಟೆಗೆ ಕರೆಂಟ್ ಹೋದಾಗ ಮಗಳು ಕೇಳದೆಯೇ ಬೀಸಣಿಗೆ ಹಿಡಿದು ಕೂತಳು” ಎಂಬುದು ಉಪಕಾರ. ಹೊತ್ತು, ಹೆಸರು, ಕೆಲಸ ಮೂರೂ ಬಂದರೆ ಮನಸ್ಸು ಆ ಗಳಿಗೆಗೆ ಹಿಂದಿರುಗುತ್ತದೆ. ವಾರಕ್ಕೊಮ್ಮೆ ಬರೆದದ್ದರಲ್ಲಿ ಒಂದನ್ನು ಸಂಬಂಧಪಟ್ಟವರಿಗೆ ಬಾಯಿಬಿಟ್ಟು ಹೇಳಿ. ಮತ್ತೆ, 1 ಥೆಸಲೋನಿಕ 5:18 ಹೇಳುವುದು ಎಲ್ಲ ಸ್ಥಿತಿಯಲ್ಲೂ ಸ್ತೋತ್ರ ಮಾಡಿ ಎಂದು. ಎಲ್ಲ ಕೆಡುಕಿಗೂ ಸ್ತೋತ್ರ ಮಾಡಿ ಎಂದಲ್ಲ. ಗಂಡ ಕುಡಿದು ಹೊಡೆದದ್ದಕ್ಕೆ ಸ್ತೋತ್ರ ಹೇಳಬೇಕಿಲ್ಲ.

ಪ್ರಶ್ನೆ: ಮಗನಿಗೆ ಮೂರ್ಛೆರೋಗ. ಉಪವಾಸ ಪ್ರಾರ್ಥನೆಯಲ್ಲಿ ಒಬ್ಬರು, ಮಾತ್ರೆ ತಿನ್ನುವುದು ಅಪನಂಬಿಕೆ, ಬಿಟ್ಟರೆ ಮಾತ್ರ ಸ್ವಸ್ಥತೆ ಅಂದರು. ಬಿಡಿಸಿದರೆ ಭಯ, ಬಿಡಿಸದಿದ್ದರೆ ಪಾಪವೇನೋ ಅನ್ನುವ ಭಯ. ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ.
– ಗಂಗಾವತಿ ತಾಲ್ಲೂಕು

ಉತ್ತರ: ಮಾತ್ರೆ ಬಿಡಿಸಬೇಡಿ. ಒಂದು ಹೊತ್ತೂ ತಪ್ಪಿಸಬೇಡಿ. ಮೂರ್ಛೆರೋಗದ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಬಿಡುವಿಲ್ಲದೆ ಬರಬಹುದು, ಜೀವಕ್ಕೇ ಅಪಾಯ. ಐದು ನಿಮಿಷ ದಾಟಿದರೂ ಫಿಟ್ಸ್ ನಿಲ್ಲದಿದ್ದರೆ 108ಕ್ಕೆ ಕರೆಮಾಡಿ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕದೆ ಮಗ್ಗುಲಾಗಿ ಮಲಗಿಸಿ.

ಇನ್ನು ಪಾಪದ ಭಯ. ಯಾಕೋಬನ ಪತ್ರ 5:14 ಸಭಾಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥಿಸಲು ಹೇಳುತ್ತದೆ. ಆ ಕಾಲಕ್ಕೆ ಎಣ್ಣೆ ಔಷಧವೂ ಹೌದು. ಲೂಕ 10:34ರ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದೇ ಕಟ್ಟಿದ. ಕೊಲೊಸ್ಸೆ 4:14 ಲೂಕನನ್ನು ಪ್ರಿಯ ವೈದ್ಯನೆಂದೇ ಕರೆಯುತ್ತದೆ. ಪೌಲನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂಬ ಸಲಹೆ 1 ತಿಮೊಥೆಯ 5:23ರಲ್ಲಿದೆ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು 2 ತಿಮೊಥೆಯ 4:20ರಲ್ಲಿ ಬರೆದವನೂ, ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಪಡೆದವನೂ ಅದೇ ಪೌಲ. ಇವರಲ್ಲಿ ಯಾರನ್ನೂ ಗ್ರಂಥ ಅಪನಂಬಿಕೆಯವರು ಎಂದಿಲ್ಲ. ಮಾತ್ರೆ ಕೊಡುವ ಹೊತ್ತಿಗೇ ಮಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಪ್ರಾರ್ಥನೆ ತಪ್ಪದೆ ನಡೆಯುತ್ತದೆ, ಮಾತ್ರೆಯೂ ತಪ್ಪುವುದಿಲ್ಲ.

ಪ್ರಶ್ನೆ: ಆಶೀರ್ವಾದ ಬರಲಿ ಅಂತ ಸಂಘದ ಸಾಲ ಎತ್ತಿ ಹರಕೆ ಕಾಣಿಕೆ ಹಾಕಿದೆವು. ಈಗ ವಾರದ ಕಂತಿಗೆ ಮನೆಯಲ್ಲಿ ಜಗಳ. ದಶಮಾಂಶವೂ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ನಿಂತಿದೆ. ದೇವರು ಸಿಟ್ಟಾಗಿದ್ದಾನಾ?
– ಸಿರುಗುಪ್ಪ ತಾಲ್ಲೂಕು

ಉತ್ತರ: 2 ಕೊರಿಂಥ 8:12 ನೇರವಾಗಿ ಹೇಳಿದೆ: ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಗೆ, ಇಲ್ಲದ್ದನ್ನು ಕೇಳಿಲ್ಲ. ಸಾಲದ ದುಡ್ಡು ‘ಇಲ್ಲದ್ದು’. ಮಾರ್ಕ 12ರಲ್ಲಿ ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿದ ಬಡ ವಿಧವೆಯ ಕಥೆ 41ರಿಂದ ಶುರುವಾಗುತ್ತದೆ. ಅದಕ್ಕೂ ಮುಂಚಿನ 40ನೇ ವಚನದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ್ದಾನೆ. ಎರಡನ್ನೂ ಸೇರಿಸಿಯೇ ಓದಬೇಕು. ಕಾಣಿಕೆಯ ದಿನ ಒಂದು ಕಥೆ ಹೇಳಿ ಇನ್ನೊಂದನ್ನು ಬಿಡುವುದು ನಮಗೆ ನೋವು ತರುತ್ತದೆ.

ಈ ವಾರ ಗಂಡ ಹೆಂಡತಿ ಒಂದು ಹಾಳೆ ಹಿಡಿದು ಕೂರಿ. ಎಡಕ್ಕೆ ಯಾರಿಗೆ ಎಷ್ಟು, ಯಾವ ವಾರ, ಎಷ್ಟು ಬಡ್ಡಿ. ಬಲಕ್ಕೆ ಅಕ್ಕಿ, ಜೋಳ, ಎಣ್ಣೆ, ಔಷಧಿ, ಶಾಲೆ. ಹಳೆಯ ಕಂತು ತೀರಿಸಲು ಹೊಸ ಸಂಘ ಸೇರುವುದೇ ಗುಂಡಿ ಆಳವಾಗುವ ದಾರಿ, ಅದನ್ನು ನಿಲ್ಲಿಸಿ. ಆಗದ ಕಂತಿಗೆ ಮೊದಲೇ ಹೋಗಿ ಅವಧಿ ಕೇಳಿ. ವಸೂಲಿಗೆ ಬಂದವರು ಬೆದರಿಸಿದರೆ, ಸಾಮಾನು ಎತ್ತಿಕೊಂಡು ಹೋದರೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಇಂಥ ಬಲವಂತದ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಕಾಣಿಕೆಗೆ ಹಿಡಿ ಅಕ್ಕಿಯ ಪದ್ಧತಿ ನಮ್ಮ ಸಭೆಗಳಲ್ಲಿ ಇದೆಯಲ್ಲ, ಅನ್ನಕ್ಕಿಡುವಾಗ ಒಂದು ಹಿಡಿ ಬೇರೆ ಇಡುವುದು. ಅದು ಸಾಕು. 1 ತಿಮೊಥೆಯ 6:8 ಸಂತೃಪ್ತಿಗೆ ಲೆಕ್ಕ ಹಾಕಿದ್ದು ಊಟ, ಬಟ್ಟೆ ಎರಡನ್ನೇ. ಫಿಲಿಪ್ಪಿ 4:11ರಲ್ಲಿ ಪೌಲ ತೃಪ್ತನಾಗಿರಲು ‘ಕಲಿತುಕೊಂಡೆ’ ಎನ್ನುತ್ತಾನೆ, ಹುಟ್ಟಿನಿಂದ ಬಂತು ಎನ್ನುವುದಿಲ್ಲ. ಮೂರೇ ವಚನದ ಆಚೆ, ನನ್ನ ಕಷ್ಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ಫಿಲಿಪ್ಪಿಯವರು ಕಳಿಸಿದ ಸಹಾಯವನ್ನು ಒಪ್ಪಿಕೊಳ್ಳುತ್ತಾನೆ. ನಿಮಗೂ ಯಾರಾದರೂ ಒಂದು ಚೀಲ ಜೋಳ ಕೊಟ್ಟರೆ ನಾಚದೆ ತೆಗೆದುಕೊಳ್ಳಿ.

ಪ್ರಶ್ನೆ: ಮುದಗಲ್ಲಿನವನು. ಗುಳೆ ಬಂದು ಬೆಂಗಳೂರಲ್ಲಿ ಕಟ್ಟಡದ ಕೆಲಸ. ಭಾನುವಾರವೂ ರಜೆ ಇಲ್ಲ, ಬಲಿಪೂಜೆ ತಪ್ಪಿ ತಿಂಗಳುಗಳಾದವು.

ಉತ್ತರ: ಜಪಮಾಲೆಯ ಪೂರ್ತಿ ಐದು ಹತ್ತುಗಳನ್ನು ಹಿಡಿಯಬೇಡಿ, ಅರ್ಧಕ್ಕೇ ನಿದ್ದೆ ಬಂದು ಮನಸ್ಸಿಗೆ ಕಸಿವಿಸಿ ಆಗುತ್ತದೆ. ಒಂದೇ ಹತ್ತು: ಪರಲೋಕ ಮಂತ್ರ ಒಂದು, ನಮೋ ಮರಿಯ ಹತ್ತು, ತ್ರಿತ್ವಸ್ತುತಿ ಒಂದು. ಶೆಡ್ಡಿನಿಂದ ಕೆಲಸದ ಜಾಗಕ್ಕೆ ನಡೆಯುವಾಗ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಣಿ ಇಲ್ಲದಿದ್ದರೆ ಬೆರಳೇ ಮಣಿ. ಹಲವು ಚರ್ಚುಗಳಲ್ಲಿ ಶನಿವಾರ ಸಂಜೆಯ ಪೂಜೆ ಭಾನುವಾರದ್ದೇ ಲೆಕ್ಕ, ಹತ್ತಿರದ ಚರ್ಚಿನಲ್ಲಿ ಕನ್ನಡ ಪೂಜೆಯ ವೇಳೆ ವಿಚಾರಿಸಿ. ಬದುಕಿಗಾಗಿ ದುಡಿಯಲೇಬೇಕಾಗಿ ಪೂಜೆ ತಪ್ಪಿದ್ದನ್ನು ಸಭೆ ಪಾಪವೆಂದು ಎಣಿಸುವುದಿಲ್ಲ. ಫಾದರ್ ಹತ್ತಿರ ಒಮ್ಮೆ ಮಾತಾಡಿ, ಆ ಭಾರ ಇಳಿಯುತ್ತದೆ.

ಪ್ರಶ್ನೆ: ಎರಡು ತಿಂಗಳಾಯಿತು, ನಿದ್ದೆಯಿಲ್ಲ, ಊಟ ರುಚಿಸುವುದಿಲ್ಲ. ವಾಕ್ಯ ಓದಿದರೆ ಅಕ್ಷರ ಮಾತ್ರ ಕಾಣುತ್ತದೆ. ಇದ್ದು ಏನು ಮಾಡಲಿ ಅನ್ನಿಸುತ್ತದೆ. ಪಾಪದ ಯೋಚನೆ ಅಂತ ಯಾರಿಗೂ ಹೇಳಿಲ್ಲ.
– ಬಳ್ಳಾರಿಯಿಂದ

ಉತ್ತರ: ನಮಗೆ ಹೇಳಿದಿರಿ, ಒಳ್ಳೆಯ ಕೆಲಸ ಮಾಡಿದಿರಿ. ಇವತ್ತೇ ಮನೆಯ ಒಬ್ಬರಿಗೂ ಇದೇ ಮಾತು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಕೀಟನಾಶಕ, ಹೆಚ್ಚಿನ ಮಾತ್ರೆ ಇದ್ದರೆ ಈ ದಿನವೇ ಬೇರೆಯವರ ಮನೆಗೆ ಸಾಗಿಸಲು ಹೇಳಿ. ಇಂಥ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ, ಏರಿದ ಗಳಿಗೆಯಲ್ಲಿ ಕೈಗೆ ಸಿಗದಿರುವುದೇ ಜೀವ ಉಳಿಸುತ್ತದೆ.

ನಿದ್ದೆ, ಹಸಿವು, ಆಸಕ್ತಿ ಎರಡು ವಾರ ದಾಟಿಯೂ ಮರಳದಿದ್ದರೆ ಅದನ್ನು ವೈದ್ಯರು ಖಿನ್ನತೆ ಎನ್ನುತ್ತಾರೆ. ಕಾಯಿಲೆ ಅದು, ಭಕ್ತಿಯ ಕೊರತೆಯಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಕೊಟ್ಟ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರಕ್ಕೇ ಪ್ರಯೋಜನವಿಲ್ಲ ಎಂದು ಬಿಡಬೇಡಿ. ಹಗುರಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

1 ಅರಸು 19ರಲ್ಲಿ ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆ ಎನ್ನುತ್ತಾನೆ. ದೇವರು ಆಗ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣಿಸಿದ, “ದಾರಿ ನಿನ್ನ ಶಕ್ತಿಗೆ ಮೀರಿದ್ದು” ಎಂದು. ನಿಮ್ಮ ಈಗಿನ ಭಕ್ತಿ ಇಷ್ಟೇ ಇರಲಿ: ಮಲಗುವುದು, ಉಣ್ಣುವುದು, ಔಷಧಿ. ಉಪವಾಸ ಸದ್ಯಕ್ಕೆ ಬೇಡ. ಓದಲಾಗದಿದ್ದರೆ ಬೇರೆಯವರು 23ನೇ ಕೀರ್ತನೆ ಓದಲಿ, ನೀವು ಕಣ್ಣುಮುಚ್ಚಿ ಕೇಳಿ. ನಿಮ್ಮ ಪರವಾಗಿ ನಂಬಲು ಸಭೆ ಇದೆ.

ಪ್ರಶ್ನೆ: ನಮ್ಮ ಸ್ತ್ರೀಯರ ಕೂಟದಿಂದ ಸಾವಿನ ಮನೆಗಳಿಗೆ ಹೋಗುತ್ತೇವೆ. ಏನು ಹೇಳಬೇಕು?
– ರಾಯಚೂರು

ಉತ್ತರ: ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಸರಿಯಿದ್ದರು, ಬಾಯಿ ತೆರೆದ ಮೇಲೆ ಕೆಟ್ಟಿತು. “ದೇವರ ಚಿತ್ತ”, “ನಿನಗಿಂತ ಕಷ್ಟದವರಿದ್ದಾರೆ”, “ಅಳಬೇಡ” ಈ ಮೂರು ಮಾತು ಬೇಡ. ಸತ್ತ ಗೆಳೆಯ ಲಾಜರನ ಸಮಾಧಿಗೆ ಹೋದ ಯೇಸು ಅವನನ್ನು ಎಬ್ಬಿಸಲೆಂದೇ ಹೋಗಿದ್ದರೂ ಮೊದಲು ಅತ್ತ. ಇಬ್ಬರು ಮೂವರು ಹೋಗಿ, ಅರ್ಧ ಗಂಟೆ ಕೂರಿ. ಹದಿನೈದು ಜನ ಹೋದರೆ ಆ ಮನೆಯವರು ನಿಮಗೆ ಚಹಾ ಕಾಯಿಸಬೇಕಾಗುತ್ತದೆ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಒಪ್ಪಿದರೆ ಎರಡು ನಿಮಿಷ. ಹತ್ತು ಹದಿನೈದು ಜೋಳದ ರೊಟ್ಟಿ, ಒಂದು ಪಲ್ಯ ಕಟ್ಟಿಕೊಂಡು ಹೋಗಿ, ಬರುವಾಗ ಹಿತ್ತಲಲ್ಲಿ ಬಿದ್ದಿರುವ ಪಾತ್ರೆ ತೊಳೆದಿಟ್ಟು ಬನ್ನಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಕೂಟದ ಪುಸ್ತಕದಲ್ಲಿ ನಲವತ್ತನೇ ದಿನ, ಮೂರನೇ ತಿಂಗಳು, ಮೊದಲ ಕ್ರಿಸ್‌ಮಸ್ ಈ ಮೂರಕ್ಕೂ ಗುರುತು ಹಾಕಿ, ಯಾರು ಹೋಗಬೇಕೆಂದು ಹೆಸರೂ ಬರೆದಿಡಿ.