ಹಳೇ ಅಡುಗೆಮನೆ: ಎಷ್ಟು ಒಡೆಸಬೇಕು, ಎಷ್ಟು ಉಳಿಸಬೇಕು?

ಪ್ರಶ್ನೆ: ಮೇಡಂ, ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯನ್ನು ಮಾವನವರು 1986ರಲ್ಲಿ ಕಟ್ಟಿಸಿದ್ದು. ಅಡುಗೆಮನೆ ಈಗಲೂ ಹಾಗೇ ಇದೆ. ಕಡಪ ಕಲ್ಲಿನ ಕಟ್ಟೆ, ಬಾಗಿಲಿಲ್ಲದ ಕಲ್ಲಿನ ಗೂಡುಗಳು, ರೆಡ್ ಆಕ್ಸೈಡ್ ನೆಲ. ಎಲ್ಲ ಒಡೆಸಿ ಮಾಡ್ಯುಲರ್ ಮಾಡಿಸೋಣ, ಹಾಲ್ ಕಡೆಯ ಗೋಡೆ ತೆಗೆಸಿ ಓಪನ್ ಕಿಚನ್ ಮಾಡೋಣ ಅಂತಾನೆ ಮಗ. ಬಣ್ಣ ಹೊಡೆಸಿದರೆ ಸಾಕು ಅಂತಾರೆ ಯಜಮಾನರು. ನನಗೆ ಐವತ್ತೆಂಟು, ಬಗ್ಗಿ ಕೆಲಸ ಮಾಡಿ ಸೊಂಟನೋವು. ಏನು ಮಾಡಲಿ?

ಉತ್ತರ: ಮಗ, ಯಜಮಾನರು ಇಬ್ಬರೂ ಕಣ್ಣಿಗೆ ಕಾಣುವುದರ ಮೇಲೇ ವಾದ ಮಾಡುತ್ತಿದ್ದಾರೆ. ನೀವು ಮೊದಲು ಗೋಡೆಯೊಳಗೆ ಏನಿದೆ ನೋಡಿಸಿ. ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುತ್ತದೆ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮೊದಲ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿಯಿರಿ. ಟ್ಯಾಂಕಿನ ನೀರು ತಿಳಿಯಾಗಿದ್ದೂ ಬಟ್ಟಲಲ್ಲಿ ಕಂದು ಬಣ್ಣ ಕಂಡರೆ, ಧಾರೆಯೂ ಸಣ್ಣಗಾಗಿದ್ದರೆ ಪೈಪಿನೊಳಗೆ ತುಕ್ಕು ಕಟ್ಟಿದೆ. ಆಗ ಗೋಡೆ ಒಡೆಸಲೇಬೇಕು, ಟೈಲ್ಸ್, ಕಟ್ಟೆ, ಸಿಂಕ್ ಎಲ್ಲವನ್ನೂ ಅದರ ಜೊತೆಗೇ ಮುಗಿಸಿಕೊಳ್ಳಿ. ನೀರು ಚೆನ್ನಾಗಿ ಬರುತ್ತಿದ್ದರೆ ಪೂರ್ತಿ ಒಡೆಸುವ ಗೋಜಿಗೆ ಹೋಗಬೇಡಿ.

ವೈರಿಂಗ್ ಮಾತ್ರ ಹೇಗಿದ್ದರೂ ಹೊಸದು ಬೇಕು. 2000 ವ್ಯಾಟ್‌ನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, ಹಳೇ 5 ಆಂಪಿಯರ್ ಪಾಯಿಂಟು ಅದನ್ನು ತಡೆಯುವುದಿಲ್ಲ. 16 ಆಂಪಿಯರ್ ಪಾಯಿಂಟುಗಳಿಗೆ ಬೇರೆಯೇ ತಾಮ್ರದ ತಂತಿ ಎಳೆಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, ಕರೆಂಟ್ ಸೋರಿದ ತಕ್ಷಣ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ.

ಇನ್ನು ನಿಮ್ಮ ಸೊಂಟದ ವಿಷಯ. ನನ್ನನ್ನು ಕೇಳಿದರೆ ಹಣ ಹಾಕಬೇಕಾದ್ದೇ ಇಲ್ಲಿ. ನೆಟ್ಟಗೆ ನಿಂತು ಮೊಣಕೈ ಮಡಿಸಿ, ಅಲ್ಲಿಂದ ನೆಲಕ್ಕೆ ಅಳೆಸಿ. ತರಕಾರಿ ಹೆಚ್ಚುವ ಕಟ್ಟೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗಿದ್ದರೆ ಬಗ್ಗಬೇಕಾಗಿಲ್ಲ. ಸಿಂಕಿನಲ್ಲಿ ಕೈ ಇನ್ನೂ ಏಳೆಂಟು ಇಂಚು ಕೆಳಗೆ ಹೋಗುತ್ತದಲ್ಲ, ಹಾಗಾಗಿ ಸಿಂಕಿನ ಕಡೆ ಕಟ್ಟೆ ಸ್ವಲ್ಪ ಎತ್ತರ ಬೇಕು. ಒಲೆಯ ಮೇಲೆ ಕುಕ್ಕರ್ ಕೂತರೆ ಒಳಗೆ ಇಣುಕಲು ಕಾಲಬೆರಳ ಮೇಲೆ ನಿಲ್ಲಬೇಕಾಗುತ್ತದೆ, ಅಲ್ಲಿ ತಗ್ಗಿರಲಿ. ಎಲ್ಲ ಒಂದೇ ಮಟ್ಟದಲ್ಲಿದ್ದರೆ ಚೆಂದ ಅಂತ ಗಾರೆಯವರು ಹೇಳುತ್ತಾರೆ, ಒಪ್ಪಬೇಡಿ. ದಿನವೂ ಅಲ್ಲಿ ನಿಲ್ಲುವವರು ನೀವು. ಕಟ್ಟೆಯ ಕಲ್ಲನ್ನು ಜೋಪಾನವಾಗಿ ಎಬ್ಬಿಸಿ, ಕೆಳಗೆ ಒಂದು ವರಸೆ ಇಟ್ಟಿಗೆ ಸೇರಿಸಿ ಮತ್ತೆ ಕೂರಿಸಬಹುದು. ಕಲ್ಲು ಸೀಳಿದರೆ ಗ್ರಾನೈಟ್ ಹಾಕಿಸಿ.

ಕಲ್ಲಿನ ಗೂಡುಗಳನ್ನು ದಯವಿಟ್ಟು ಉಳಿಸಿಕೊಳ್ಳಿ. ಗೆದ್ದಲು ಹಿಡಿಯುವುದಿಲ್ಲ, ನೀರು ಬಿದ್ದರೆ ಉಬ್ಬುವುದಿಲ್ಲ. ಮುಂದೆ ಬಾಗಿಲು ಕೂರಿಸಿದರೆ ಮಗ ಕೇಳುವ ಮಾಡ್ಯುಲರ್ ನೋಟ ಮುಕ್ಕಾಲು ಪಾಲು ಬಂದೇ ಬರುತ್ತದೆ. ಪ್ಲೈವುಡ್ ಆದರೆ ಹಾಳೆಯ ಮೇಲೆ ಐಎಸ್ 710 ಮುದ್ರೆ (ನೀರು ತಡೆಯುವ ಮರೈನ್ ಪ್ಲೈವುಡ್‌ನ ಗುರುತು) ಇದೆಯೇ ಅಂತ ನೀವೇ ನೋಡಿ. ಸಿಲಿಂಡರ್ ಇಡುವ ಗೂಡಿಗೂ ಬಾಗಿಲು ಹಾಕಿಸುವುದಾದರೆ ನೆಲಕ್ಕೆ ಹತ್ತಿರ ಗಾಳಿ ಆಡುವಂತೆ ಜಾಲರಿ ಬೇಕೇ ಬೇಕು, ಯಾಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ರೆಡ್ ಆಕ್ಸೈಡ್ ನೆಲವನ್ನು ಮುಟ್ಟಿಸಬೇಡಿ. ಹಾಗೆ ಉಜ್ಜಿ ಹೊಳಪು ತರುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ.

ಹಾಲ್ ಕಡೆಯ ಗೋಡೆಯ ಬಗ್ಗೆ ಮಗನಿಗೆ ನೇರವಾಗಿ ಹೇಳಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಪಿಲ್ಲರ್ ಇಲ್ಲ, ತಾರಸಿಯ ಭಾರ ಹೊರುವುದು ಒಂಬತ್ತು ಇಂಚಿನ ಗೋಡೆಗಳೇ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಒಪ್ಪುವವರೆಗೆ ಅದಕ್ಕೆ ಸುತ್ತಿಗೆ ತಾಗಿಸಕೂಡದು. ಅವರು ಒಪ್ಪಿದರೂ, ದಿನಾ ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮನೆಯಾದರೆ ಗೋಡೆ ಅಲ್ಲೇ ಇರಲಿ, ಕಿಟಕಿಯ ಮೇಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.