ಟ್ಯಾಪೆಟ್ ಕವರ್: ಬಣ್ಣ ಏಳುವುದೇಕೆ?

ಪ್ರಶ್ನೆ: ನಮ್ಮದು 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಹಳೇ ಅಂಬಾಸಿಡರ್. ಟ್ಯಾಪೆಟ್ ಕವರ್‌ಗೆ (ಇಂಜಿನ್ ಮೇಲಿನ ಮುಚ್ಚಳ) ಹೊಡೆಸಿದ ಬಣ್ಣ ನಾಲ್ಕೇ ತಿಂಗಳಲ್ಲಿ ಅಂಚಿನಿಂದ ಹಪ್ಪಳದ ಹಾಗೆ ಎದ್ದಿದೆ, ಎಣ್ಣೆಯೂ ಜಿನುಗುತ್ತಿದೆ. ಈ ಸಲ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿಬಿಡಲೇ? – ಓದುಗರು, ಹಾಸನ

ಉತ್ತರ: ಬೇಡ. ಒಳಗಿನ ಮಡಿಕೆಗಳಲ್ಲಿ ಮರಳು ಸಿಕ್ಕಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಆಮೇಲೆ ಎಣ್ಣೆಯ ಜೊತೆ ಬೇರಿಂಗ್‌ಗೆ ಇಳಿಯುತ್ತದೆ. ಪೇಂಟ್ ರಿಮೂವರ್ ಮತ್ತು ವೈರ್ ಬ್ರಷ್ ಸಾಕು.

ಅಂಚಿನಿಂದಲೇ ಬಣ್ಣ ಎದ್ದಿದೆ ಎಂದರೆ ಜಿನುಗುವ ಎಣ್ಣೆಯ ಮೇಲೇ ಅನುಮಾನ. ಹಾಗಾಗಿ ಮೊದಲು ಅಂಚು ನೋಡಿ. ಕವರನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟು ಒಂದೊಂದೇ ಮೂಲೆ ಒತ್ತಿ. ಕುಣಿದರೆ ತಗಡು ಬಾಗಿದೆ. ಮೇಲಿನ ಎರಡು ನಟ್‌ಗಳನ್ನು ಎಣ್ಣೆ ನಿಲ್ಲಲೆಂದು ಬಿಗಿಯುತ್ತಾ ಹೋದವರ ಕೈಗುಣ ಅದು. ಅಂಚಿನ ಕೆಳಗೆ ಮರದ ತುಂಡು ಕೊಟ್ಟು, ಚಿಕ್ಕ ಸುತ್ತಿಗೆಯಿಂದ ಸಣ್ಣಗೆ ತಟ್ಟಿ ಸಮ ಮಾಡಿ.

ಆಮೇಲೆ ಸೀಮೆಎಣ್ಣೆ, ಸೋಪಿನ ಬಿಸಿನೀರು, ಕೊನೆಗೆ ಥಿನ್ನರ್. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಲೆ ಬರಬಾರದು. ತುಕ್ಕಿದ್ದರೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ತೊಳೆದು, ಕೂಡಲೇ ಬಿಸಿಲಿಗಿಟ್ಟು ಒಣಗಿಸಿ. 320 ನಂಬರಿನ ಎಮರಿಯಿಂದ ಉಜ್ಜಿದರೆ ಪ್ರೈಮರ್‌ಗೆ ಹಿಡಿತ ಸಿಗುತ್ತದೆ.

ಎರಡು ತೆಳು ಕೋಟ್ ಪ್ರೈಮರ್, ಮೂರು ತೆಳು ಕೋಟ್ ಇಂಜಿನ್ ಎನಾಮಲ್. ನಡುವೆ ಹತ್ತು ನಿಮಿಷ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಇಳಿಯುತ್ತದೆ. ಹೊತ್ತು ಮೀರಿ ಅರೆ ಒಣಗಿದ ಎನಾಮಲ್ ಮೇಲೆ ಮತ್ತೆ ಹೊಡೆದರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಎರಡನೇ ಕೋಟ್‌ಗೆ ಡಬ್ಬಿಯ ಮೇಲೆ ಬರೆದ ಸಮಯ ಮೀರಬೇಡಿ. ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ನಡುವೆ ಇಡುವ ಪಟ್ಟಿ) ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಇರಲಿ.

ಹೊಸ ಕಾರ್ಕ್ ಗ್ಯಾಸ್ಕೆಟ್ಟನ್ನು ಕವರ್ ಕಡೆಗೆ ಮಾತ್ರ ಅಂಟಿಸಿ. ಕೆಳಗಿನ ಇಂಜಿನ್ ಹೆಡ್ ಕಡೆ ಅಂಟಿಲ್ಲದೆ ಒಣಗಿರಲಿ, ಟ್ಯಾಪೆಟ್ ಸೆಟ್ ಮಾಡಲು (ವಾಲ್ವ್‌ಗಳ ಸಂದು ಸರಿಪಡಿಸಲು) ಬಿಚ್ಚುವಾಗ ಗ್ಯಾಸ್ಕೆಟ್ ಕಿತ್ತುಹೋಗುವುದಿಲ್ಲ. ನಟ್ ಕೆಳಗಿನ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಬದಲಿಸಿ, ಅಲ್ಲಿಂದಲೂ ಎಣ್ಣೆ ಬರುತ್ತದೆ. ಎರಡೂ ನಟ್ ಸ್ವಲ್ಪ ಸ್ವಲ್ಪವೇ, ಅದಲುಬದಲಾಗಿ, ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) 4 ಪೌಂಡ್-ಅಡಿಗೆ ಬಿಗಿಯಿರಿ. ಇಷ್ಟು ಸಡಿಲವೇ ಅನ್ನಿಸುತ್ತದೆ; ಅಷ್ಟೇ ಸರಿ.

ಪ್ರಶ್ನೆ: ಕಾರ್ಕ್ ಬದಲು ಸಿಲಿಕಾನ್ ಪೇಸ್ಟ್ ಸಾಲದೇ? – ಓದುಗರು, ಶಿವಮೊಗ್ಗ

ಉತ್ತರ: ಈ ಇಂಜಿನ್ನಿಗೆ ಸಲ್ಲದು. ಹೆಚ್ಚಾಗಿ ಹಿಂಡಿದ ಪೇಸ್ಟ್ ಒಳಕ್ಕೂ ಹೊರಳಿ, ಒಣಗಿ, ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳಬಹುದು.

ಪ್ರಶ್ನೆ: ನಮ್ಮ ಕಾರಿನ ಕವರ್ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾದಲ್ಲಿ ನೆನೆಸಬಹುದೇ? – ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ. ಕಬ್ಬಿಣದ ತಗಡಿಗೆ ಅದು ಒಳ್ಳೆಯದು. ಅಲ್ಯೂಮಿನಿಯಂನ್ನು ನೊರೆ ಏಳುವಂತೆ ತಿಂದು ಕಪ್ಪು ಮಾಡುತ್ತದೆ, ಬರುವ ಹೈಡ್ರೋಜನ್ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ, ನೈಲಾನ್ ಬ್ರಷ್ ಹಿಡಿಯಿರಿ.