ಮಂಡಿನೋವಿನ ಹಿರಿಯರನ್ನು ವ್ಯಾಯಾಮಕ್ಕೆ ಕರೆತರುವುದು ಹೇಗೆ?

ಸಂಧಿವಾತ ಇರುವ ಹಿರಿಯರಿಗೆಂದು ವ್ಯಾಯಾಮ ತರಗತಿ ಶುರು ಮಾಡಿದ್ದೇವೆ, ನೋಟೀಸು ಅಂಟಿಸಿದರೂ ಯಾರೂ ಬರುತ್ತಿಲ್ಲ ಅಂತ ಕೇಳಿದ್ದೀರಿ. ಕೊಡಗಿನ ನಾಪೋಕ್ಲು ಕಡೆ ನಾವೂ ಹಾಗೇ ಮುಗ್ಗರಿಸಿದವರು. ಮೊದಲ ದಿನ 20 ಕುರ್ಚಿ ಹಾಕಿದ್ದೆವು. ಬಂದವರು ಮೂವರು, ಅದರಲ್ಲೊಬ್ಬರು ಬಿ.ಪಿ. ನೋಡ್ತಾರೆ ಅಂದುಕೊಂಡು ಬಂದವರು.

ಆಮೇಲೆ ಮನೆಮನೆಗೆ ಹೋದಾಗ ಗೊತ್ತಾಯಿತು, ಅದು ಸೋಮಾರಿತನವಲ್ಲ, ಹೆದರಿಕೆ. ಎಕ್ಸ್‌ರೇ ನೋಡಿ ಯಾರೋ 'ಮಂಡಿ ಸವೆದಿದೆ' ಅಂದಿರುತ್ತಾರೆ. 'ಕತ್ತಿ ಮಸೆದಷ್ಟೂ ಸವೀತದೆ. ಉಳಿದಿರೋ ಮಂಡಿನೂ ಮಸೀಲಿಕ್ಕೆ ಕರೀತಿದ್ದೀರಾ?' ಅಂದರು ಒಬ್ಬ ಅಜ್ಜ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಂಡಿ ಕತ್ತಿಯಲ್ಲ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಯ ನುಣುಪು ಪದರಕ್ಕೆ, ರಕ್ತನಾಳಗಳಿಲ್ಲ, ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕೀಲು ಆಡಿ, ಭಾರ ಬಿದ್ದು, ಬಿಟ್ಟಾಗಲೇ ಆ ದ್ರವ ಒಳಹೋಗಿ ಬರುವುದು. ಇದನ್ನು ನಾನು ಹೇಳಿದರೆ ತಲೆಯಾಡಿಸುತ್ತಾರೆ, ಅವರವರ ಡಾಕ್ಟರೇ ಹೇಳಿದರೆ ಎದ್ದು ಬರುತ್ತಾರೆ. ಹಾಗಾಗಿ ನೋಟೀಸಿನ ದುಡ್ಡು ಉಳಿಸಿ, ಊರಿನ ಡಾಕ್ಟರನ್ನೂ ಆಶಾ ಕಾರ್ಯಕರ್ತೆಯನ್ನೂ ಹಿಡಿಯಿರಿ.

'ಇಡೀ ದಿನ ತೋಟದಲ್ಲಿ ನಡೀತೇನೆ, ಇನ್ನೆಂಥ ವ್ಯಾಯಾಮ?' ಅನ್ನುವವರ ಜೊತೆ ವಾದ ಬೇಡ. ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿ ಅನ್ನಿ, ಸಾಕು. ತೊಡೆಗೆ ಬಲ ಬೇಕು ಅಂತ ಅವರಿಗೇ ತಿಳಿಯುತ್ತದೆ.

ನೋವಿನ ಲೆಕ್ಕ ಮೊದಲೇ ಹೇಳಿಬಿಡಿ. ಹತ್ತಕ್ಕೆ ಐದರಷ್ಟು ನೋವು ಬಂದರೂ ಮಾರನೇ ದಿನಕ್ಕೆ ಮೊದಲಿನಷ್ಟಕ್ಕೆ ಇಳಿದರೆ ಗಾಬರಿಯಿಲ್ಲ. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಿಸಿ. ಕೀಲು ಊದಿ ಬಿಸಿಯಾಗಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸಿ.

ಇನ್ನು ಕಾಲ. ಜುಲೈಯಲ್ಲಿ ಮಳೆ, ನಾಟಿ. ಡಿಸೆಂಬರ್ ನಂತರ ಕಾಫಿ ಕೊಯ್ಲು. ಆಗ ಕರೆದರೆ ಯಾರು ಬರುತ್ತಾರೆ? ನಾವೀಗ ಅಕ್ಟೋಬರಿನ ಕಾವೇರಿ ಸಂಕ್ರಮಣ ಮುಗಿದ ಮೇಲೆ ಶುರು ಮಾಡಿ ಸುಗ್ಗಿ ಹಬ್ಬ ಪುತ್ತರಿಯೊಳಗೆ ಮುಗಿಸುತ್ತೇವೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ, ಮಂಡಿ-ಸೊಂಟದ ಸಂಧಿವಾತದವರ 'ಗ್ಲ್ಯಾಡ್' ವ್ಯಾಯಾಮ ಕಾರ್ಯಕ್ರಮವೂ ವಾರಕ್ಕೆರಡರಂತೆ ಆರು ವಾರದ್ದೇ, ಒಟ್ಟು 12 ತರಗತಿ. ನಮ್ಮ ಹಬ್ಬಗಳ ನಡುವೆ ಅಷ್ಟು ಸಮಯ ಸಿಗುತ್ತದೆ. 'ವ್ಯಾಯಾಮಕ್ಕೆ ಬನ್ನಿ' ಅನ್ನುವ ಬದಲು 'ಈ ಸಲ ಪುತ್ತರಿಗೆ ಮಂದ್‌ನಲ್ಲಿ (ಊರ ಮೈದಾನದಲ್ಲಿ) ಕೋಲಾಟ ಆಡ್ತೀರಾ?' ಅಂತ ಕೇಳಿ. ಹಾಕಿ ಆಡಿದ ಗಂಡಸರಿಗಂತೂ 'ವಾರ್ಮ್‌ಅಪ್' ಅಂದರೇ ಹುಮ್ಮಸ್ಸು.

ಇಷ್ಟೆಲ್ಲ ಮಾಡಿದರೂ ಬಸ್ಸಿಳಿದ ಮೇಲಿನ ಏರು ಹತ್ತಬೇಕಲ್ಲ. ಒಂದು ಜೀಪು ಗೊತ್ತು ಮಾಡಿ. ನಮ್ಮಲ್ಲಿ ಜೀಪು ಬಂದ ದಿನ 14 ಜನ, ಅದು ಕೆಟ್ಟ ದಿನ ನಾಲ್ಕು.